ಗ್ರಂಥಪಾಲಕಿಗೆ ಗ್ರಾಂಟ್ ಸಿಕ್ಕ ಮೇಲೆ

ಲೈಬ್ರರಿಯಲ್ಲಿ ಕೂತವರ ಬದುಕಿನಲ್ಲಿ ಏನೂ ನಡೆಯುವುದಿಲ್ಲ ಅಂತ ಜನ ಅಂದುಕೊಂಡಿದ್ದಾರೆ. ನಡೆಯುತ್ತದೆ, ದಿನಾ ನಡೆಯುತ್ತದೆ. ಆದರೆ ಗೋಡೆಯ ಮೇಲೆ 'ಮೌನವಾಗಿರಿ' ಅಂತ ನಾವೇ ಬೋರ್ಡು ಹಾಕಿರುವುದರಿಂದ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಈಗ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ; ಇಲ್ಲಿ ಬೋರ್ಡಿಲ್ಲ.

ನಾನು ಹೊಸಪೇಟೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಲೈಬ್ರರಿಯನ್. ನಮ್ಮನ್ನು ನಡೆಸುವ ಟ್ರಸ್ಟಿನವೇ ಇನ್ನೂ ಮೂರು ಕಾಲೇಜುಗಳು ಸಂಡೂರು, ಕಂಪ್ಲಿ, ಕಮಲಾಪುರದಲ್ಲಿವೆ. ಒಂದು ದಿನ ಟ್ರಸ್ಟಿನಿಂದ ಸುತ್ತೋಲೆ ಬಂತು: ಸಿಬ್ಬಂದಿಯಲ್ಲಿ ಯಾರಾದರೂ ಸಂಶೋಧನೆ ಮಾಡುವುದಾದರೆ ಸಂಸ್ಥೆಯ ಸ್ವಂತ ನಿಧಿಯಿಂದಲೇ ಗ್ರಾಂಟ್ ಕೊಡಲಾಗುವುದು. ಆ 'ಯಾರಾದರೂ' ಅನ್ನುವ ಶಬ್ದವನ್ನು ನಾನು ನಂಬಿದೆ. ಮುಂದೆ ಅನುಭವಿಸಿದ್ದೆಲ್ಲಾ ಆ ಒಂದು ಶಬ್ದದ ಫಲ.

ನನ್ನ ತಲೆಯಲ್ಲಿ ಒಂದು ವಿಷಯ ಬಹಳ ದಿನದಿಂದ ಕೂತಿತ್ತು. ಮರಿಯಮ್ಮನಹಳ್ಳಿಯಿಂದ ಬರುತ್ತಿದ್ದ ಒಬ್ಬ ಹುಡುಗಿ, ಮೊದಲ ವರ್ಷದವಳು, ಕೌಂಟರಿನ ಮುಂದೆ ಬಂದು ನಿಲ್ಲುತ್ತಿದ್ದಳು. "ಏನವ್ವಾ ಬೇಕು?" ಅಂದರೆ "ಏನಿಲ್ರಿ" ಅಂದು ಹೋಗಿಬಿಡುತ್ತಿದ್ದಳು. ಮರುದಿನ ಮತ್ತೆ ಬರುವಳು, ಮತ್ತೆ "ಏನಿಲ್ರಿ." ಒಂದು ದಿನ ನಾನೇ ಎದ್ದು ಹೊರಗೆ ಬಂದು ಪಕ್ಕದಲ್ಲಿ ನಿಂತು ಕೇಳಿದೆ. ಬೇಕಾದ ಪುಸ್ತಕದ ಹೆಸರು ಇಂಗ್ಲಿಷಿನಲ್ಲಿತ್ತು, ತಪ್ಪು ಉಚ್ಚರಿಸಿದರೆ ಹಿಂದೆ ನಿಂತವರು ನಗುತ್ತಾರೆ ಅಂತ ಅವಳಿಗೆ ಹೆದರಿಕೆ. "ದಪ್ಪಂದು ರೀ, ಮ್ಯಾಲೆ ಗಡಿಯಾರದ ಚಿತ್ರ ಐತಿ" ಅಂದಳು. ಎರಡೇ ನಿಮಿಷಕ್ಕೆ ಹುಡುಕಿ ಕೈಗೆ ಕೊಟ್ಟೆ.

ಹೆಸರು ಗೊತ್ತಿಲ್ಲದವರು ಪುಸ್ತಕವನ್ನು ಹೇಗೆ ಕೇಳುತ್ತಾರೆ? ಎಷ್ಟು ಜನ ಕೇಳಲಾರದೆ ವಾಪಸು ಹೋಗುತ್ತಾರೆ? ನಾಲ್ಕೂ ಕಾಲೇಜಿನ ಕೌಂಟರಿನಲ್ಲಿ ಕೂತು ಇದನ್ನು ನೋಡಬೇಕು, ಜನ ಆಡುವ ಮಾತನ್ನೇ ನಮ್ಮ ಕಂಪ್ಯೂಟರ್ ಕ್ಯಾಟಲಾಗಿಗೆ ಸೇರಿಸಬೇಕು ಅನ್ನುವುದು ನನ್ನ ಆಸೆ. 'ಗಡಿಯಾರದ ಚಿತ್ರ' ಅಂತ ಟೈಪ್ ಮಾಡಿದರೆ ಆ ಪುಸ್ತಕ ಬರಬೇಕು, ಅಷ್ಟೇ. ದೊಡ್ಡ ವಿಷಯವೇನಲ್ಲ. ದೊಡ್ಡದಾದದ್ದು ಆಮೇಲೆ.

೧. ಒಂದು ಪೀರಿಯಡ್

ಅರ್ಜಿಯನ್ನು ಕಂಪ್ಯೂಟರಿನಲ್ಲೇ ತುಂಬಬೇಕು. ಆಫೀಸಿನ ಸೂಪರಿಂಟೆಂಡೆಂಟರ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಒಳ್ಳೆಯ ಮನುಷ್ಯ, ಆದರೆ ನಿಯಮ ಮನುಷ್ಯರಿಗಿಂತ ಒಳ್ಳೆಯದು ಅಂತ ನಂಬಿದವರು.

"ವಾರಕ್ಕ ಎಷ್ಟು ಪೀರಿಯಡ್ ತಗೊಂತೀರಿ ಮೇಡಂ?"

"ನಾನು ಲೈಬ್ರರಿಯನ್ ಅಲ್ಲೇನ್ರಿ? ಪೀರಿಯಡ್ ಎಲ್ಲಿಂದ ಬರಬೇಕು?"

"ಹಂಗಾರ ಸೊನ್ನೆ." ಸೊನ್ನೆ ಒತ್ತಿದರು. ಆ ಜಾಗ ಕೆಂಪಗಾಯಿತು. "ಸೊನ್ನೆ ತಗೊಳ್ಳವಲ್ದು ನೋಡ್ರಿ. ಒಂದು ಹಾಕಲೇನು?"

"ಸುಳ್ಳಾಗ್ತೈತಲ್ರಿ."

"ಸುಳ್ಳು ಯಾಕಾಗ್ತೈತಿ? ಹೋಗಿ ಒಂದು ಪೀರಿಯಡ್ ಪಾಠ ಮಾಡಿ ಬರ್ರಿ. ಆಮ್ಯಾಲೆ ಒಂದು ಅಂತ ಹಾಕೋಣ."

ಪಾಠ ಮಾಡಲು ಹುಡುಗರು ಬೇಕಲ್ಲ! ಪರೀಕ್ಷೆಗೆ ಓದಿಕೊಳ್ಳಲಿ ಅಂತ ಆ ವಾರ ಎಲ್ಲರಿಗೂ ರಜೆ ಕೊಟ್ಟಿದ್ದರು. ಕಾರಿಡಾರಿನಲ್ಲಿ ನನ್ನಷ್ಟೇ ಸಪ್ಪೆ ಮುಖ ಮಾಡಿಕೊಂಡು ದೈಹಿಕ ಶಿಕ್ಷಣದ ನಿರ್ದೇಶಕರು ನಿಂತಿದ್ದರು. ಅವರದೂ ಅದೇ ಗೋಳು. ಕಬಡ್ಡಿ ಆಡುವವರ ಮೊಣಕಾಲು ನೋವಿನ ಬಗ್ಗೆ ಅವರಿಗೆ ಗ್ರಾಂಟ್ ಬೇಕಿತ್ತು, ಅವರ ಸೊನ್ನೆಯನ್ನೂ ಕಂಪ್ಯೂಟರ್ ಉಗುಳಿತ್ತು. ಕಾಲೇಜಿನಲ್ಲಿ ಪಾಠ ಮಾಡದೆ ಸಂಬಳ ತಗೊಳ್ಳುವವರು ಅಂತ ಹೆಸರಾದವರು ನಾವಿಬ್ಬರೇ.

"ಮೇಡಂ, ಹಿಂಗ ಮಾಡೋಣ. ನನಗ ನೀವು ಪಾಠ ಮಾಡ್ರಿ. ನಿಮಗ ನಾನು ಮಾಡ್ತೀನಿ" ಅಂದರು.

ಬೇರೆ ದಾರಿ ಇರಲಿಲ್ಲ. ಖಾಲಿ ಕ್ಲಾಸಿನಲ್ಲಿ ಅವರನ್ನು ಮೊದಲ ಬೆಂಚಿನಲ್ಲಿ ಕೂರಿಸಿ, ಪುಸ್ತಕಗಳಿಗೆ ನಂಬರ್ ಯಾಕೆ ಹಾಕುತ್ತೇವೆ ಅಂತ ಒಂದು ಗಂಟೆ ಹೇಳಿದೆ. ಹತ್ತೇ ನಿಮಿಷಕ್ಕೆ ಆಕಳಿಸಿದರು. ಆಮೇಲೆ ಅವರು ನನ್ನನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ, ಬೆನ್ನು ನೋಯದಂತೆ ಬಗ್ಗುವುದು ಹೇಗೆ ಅಂತ ಕಲಿಸಿದರು. ಎರಡು ದಿನ ನನ್ನ ಬೆನ್ನು ನೋಯಿತು. ಎರಡೂ ಪಾಠದ ಹಾಜರಿಯನ್ನು ಸೂಪರಿಂಟೆಂಡೆಂಟರಿಗೆ ಕೊಟ್ಟೆವು. ಅವರು ಕನ್ನಡಕ ಏರಿಸಿ ನೋಡಿ, ಮನಸಾರೆ ಮೆಚ್ಚಿಕೊಂಡರು. "ನೋಡ್ರಿ, ನಮ್ಮ ಕಾಲೇಜಿನಾಗ ನೂರಕ್ಕ ನೂರು ಹಾಜರಿ ಇರೋ ಕ್ಲಾಸು ನಿಮ್ಮವೇ!"

೨. ಕೇಳದೇ ಇರೋರು

ಅರ್ಜಿ ಹಾಕಿದವರನ್ನು ಸಂಶೋಧನಾ ಸಮಿತಿ ಕರೆದು ವಿಚಾರಿಸುತ್ತದೆ. ಸಮಿತಿ ಅಂದರೆ ನಮ್ಮ ಪ್ರಿನ್ಸಿಪಾಲರು, ಕೆಮಿಸ್ಟ್ರಿಯ ಮುಖ್ಯಸ್ಥರು, ಕಾಮರ್ಸಿನ ಮುಖ್ಯಸ್ಥರು. ಪ್ರಿನ್ಸಿಪಾಲರು ನನ್ನ ಕಾಗದ ಓದುವವರಂತೆ ನಟಿಸುತ್ತಾ ಚಹಾ ಕುಡಿಯುತ್ತಿದ್ದರು.

"ಸ್ಯಾಂಪಲ್ ಏನು?" ಕೆಮಿಸ್ಟ್ರಿಯವರು ಕೇಳಿದರು.

"ಪುಸ್ತಕ ಕೇಳೋಕೆ ಬರೋ ಜನ ಸರ್."

"ಜನ, ಸರಿ. ಎಷ್ಟು ಟೆಂಪರೇಚರಿನಾಗ ಇಡ್ತೀರಿ?"

ನಾನು ಮೇಲೆ ನೋಡಿದೆ. "ಫ್ಯಾನ್ ಐತಿ ಸರ್" ಅಂದೆ. ಅವರು ಬರೆದುಕೊಂಡರು.

ಕಾಮರ್ಸಿನವರು ಮುಂದೆ ಬಾಗಿದರು. "ಮೇಡಂ, ಪುಸ್ತಕ ಕೊಡೋದು ನಿಮ್ಮ ಡ್ಯೂಟಿ. ಡ್ಯೂಟಿಗೆ ಗ್ರಾಂಟ್ ಕೊಟ್ರ, ನಾಳೆ ವಾಚ್‌ಮನ್ ಬಂದು ಗೇಟಿನ ಬಗ್ಗೆ ಸಂಶೋಧನೆ ಮಾಡ್ತೀನಿ ಅಂತಾನ."

ನನಗೆ ಸಿಟ್ಟು ಬಂತು. "ಸರ್, ಪಾಠ ಮಾಡೋದು ನಿಮ್ಮ ಡ್ಯೂಟಿ. ಪಾಠ ಮಾಡೋದು ಹೆಂಗ ಅನ್ನೋದರ ಮ್ಯಾಲೆ ನೀವು ಇದೇ ಗ್ರಾಂಟಿಗೆ ಅರ್ಜಿ ಹಾಕೀರಲ್ಲ?"

ಪ್ರಿನ್ಸಿಪಾಲರು ಕೆಮ್ಮಿದರು. ಚಹಾ ಶರ್ಟಿನ ಮೇಲೆ ಚೆಲ್ಲಿತು. ಕೆಮಿಸ್ಟ್ರಿಯವರು ವಿಷಯ ಬದಲಿಸಿದರು. "ಅದಿರಲಿ. ಹೋಲಿಸಿ ನೋಡಾಕ ಇನ್ನೊಂದು ಗುಂಪು ಬೇಕಲ್ಲ? ಪುಸ್ತಕ ಕೇಳೋರನ್ನ ನೋಡ್ತೀರಿ, ಸರಿ. ಪುಸ್ತಕ ಕೇಳದೇ ಇರೋರನ್ನೂ ನೋಡಬೇಕು. ಅವರನ್ನ ಎಲ್ಲಿಂದ ತರ್ತೀರಿ?"

ನಾನು ಬಾಯಿ ತೆರೆಯುವ ಮೊದಲೇ ಪ್ರಿನ್ಸಿಪಾಲರು ಕರವಸ್ತ್ರದಿಂದ ಶರ್ಟು ಒರೆಸಿಕೊಳ್ಳುತ್ತಾ ಹೇಳಿದರು: "ಅದೊಂದು ಚಿಂತಿ ಬಿಡ್ರಿ. ಸ್ಟಾಫ್ ರೂಮಿನಾಗ ಬೇಕಾದಷ್ಟು ಅದಾರ."

೩. ಎಲ್ಲಕ್ಕಿಂತ ಕಡಿಮೆ ದರ

ಗ್ರಾಂಟ್ ಮಂಜೂರಾಯಿತು. ನಾನು ಸಿಹಿ ಹಂಚಿದೆ. ಹಂಚಿದ ಸಿಹಿ ಗ್ರಾಂಟಿನ ಲೆಕ್ಕಕ್ಕೆ ಬರುವುದಿಲ್ಲ ಅಂತ ಸೂಪರಿಂಟೆಂಡೆಂಟರು ತಿನ್ನುತ್ತಲೇ ಹೇಳಿದರು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದರು: ಕೊಟ್ಟ ದುಡ್ಡನ್ನು ಮಾರ್ಚಿನೊಳಗೆ ಖರ್ಚು ಮಾಡದಿದ್ದರೆ ಗ್ರಾಂಟ್ ರದ್ದು, ಮುಂದೆಂದೂ ಅರ್ಜಿ ಹಾಕುವ ಹಾಗಿಲ್ಲ.

ಖರ್ಚು ಮಾಡುವುದು ಸುಲಭ ಅಂತ ಅಂದುಕೊಂಡಿದ್ದೆ. ಜನರ ಮಾತು ದಾಖಲಿಸಲು ಒಂದು ರೆಕಾರ್ಡರ್ ಬೇಕು ಅಂತ ಬರೆದಿದ್ದೆ. ಅದಕ್ಕೆ ಮೂರು ಅಂಗಡಿಯಿಂದ ಕೊಟೇಶನ್ ತರಬೇಕು. ಬಿಸಿಲಿನಲ್ಲಿ ಊರು ಸುತ್ತಿದೆ. ಮೊದಲ ಎರಡು ಅಂಗಡಿಯವರು ಒಂದೊಂದು ದರ ಬರೆದುಕೊಟ್ಟರು. ಮೂರನೆಯ ಅಂಗಡಿಯ ಹಿರಿಯರು ನನ್ನನ್ನು ಕರುಣೆಯಿಂದ ನೋಡಿದರು.

"ನಿಮ್ಮ ಕೈಯಾಗ ಇರೋದು ಏನಮ್ಮಾ?"

"ಮೊಬೈಲ್."

"ಅದರಾಗ ರೆಕಾರ್ಡ್ ಆಗ್ತೈತಿ. ಸುಮ್ನ ಯಾಕ ದುಡ್ಡು ಹಾಳು ಮಾಡ್ತೀರಿ?"

"ನನಗ ಕೊಟೇಶನ್ ಬೇಕ್ರಿ. ಏನಾರ ಒಂದು ಬರದು ಕೊಡ್ರಿ."

ಅವರು ಸುಳ್ಳು ಬರೆಯುವವರಲ್ಲ. ಅಂಗಡಿಯ ಕಾಗದದ ಮೇಲೆ, 'ರೆಕಾರ್ಡರ್: ಬೇಕಿಲ್ಲ, ಮೊಬೈಲಿನಲ್ಲೇ ಇದೆ. ದರ: ಸೊನ್ನೆ' ಅಂತ ಬರೆದು, ಸಹಿ ಹಾಕಿ, ಸೀಲು ಒತ್ತಿ ಕೊಟ್ಟರು. ನಾನೂ ಓದದೆ ಆಫೀಸಿಗೆ ಕೊಟ್ಟೆ.

ಖರೀದಿ ಸಮಿತಿ ಕೂತಿತು. ಮೂರೂ ದರ ಹೋಲಿಸಿತು. ಎಲ್ಲಕ್ಕಿಂತ ಕಡಿಮೆ ದರ ಹಾಕಿದವರಿಗೆ ಆರ್ಡರ್ ಕೊಡಬೇಕು ಅನ್ನುವುದು ನಿಯಮ. ಸೊನ್ನೆ ರೂಪಾಯಿಗೆ ಒಂದು ರೆಕಾರ್ಡರನ್ನು ಹದಿನೈದು ದಿನದೊಳಗೆ ಪೂರೈಸಬೇಕು, ತಪ್ಪಿದರೆ ದಂಡ ಅಂತ ಆ ಹಿರಿಯರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಆದೇಶ ಹೋಯಿತು.

ಅವರು ಅದನ್ನು ಹಿಡಿದುಕೊಂಡು ಲೈಬ್ರರಿಗೇ ಬಂದರು. ಮುಖ ಬೆವರಿತ್ತು. "ಅಮ್ಮಾ, ಒಳ್ಳೇ ಮಾತು ಹೇಳಿದ್ದು ತಪ್ಪಾತೇನು? ನಿಮ್ಮ ಮೊಬೈಲ್ ಒಂದು ನಿಮಿಷ ಕೊಡ್ರಿ." ಕೊಟ್ಟೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ಶಾಸ್ತ್ರೋಕ್ತವಾಗಿ ನನಗೇ ವಾಪಸು ಕೊಟ್ಟು ಹೇಳಿದರು: "ತಗೋರಿ, ಪೂರೈಸೀನಿ. ಈಗ ಇಲ್ಲೆ ಸಹಿ ಮಾಡ್ರಿ."

೪. ಸಂಡೂರಿನ ಸಹಿ

ಮಾತಾಡುವ ಪ್ರತಿಯೊಬ್ಬರಿಂದಲೂ ಒಪ್ಪಿಗೆ ಪತ್ರಕ್ಕೆ ಸಹಿ ತಗೊಳ್ಳಬೇಕು ಅಂತ ಸಮಿತಿ ಷರತ್ತು ಹಾಕಿತ್ತು. ಒಳ್ಳೆಯ ಷರತ್ತೇ. ಆದರೆ ಪತ್ರದ ಒಕ್ಕಣೆಯನ್ನು ಕೆಮಿಸ್ಟ್ರಿಯವರು ಯಾವುದೋ ಔಷಧಿ ಪ್ರಯೋಗದ ಕಾಗದದಿಂದ ಇಳಿಸಿ ಕೊಟ್ಟಿದ್ದರು. ಒಂದಕ್ಷರವನ್ನೂ ಬದಲಿಸುವ ಹಾಗಿಲ್ಲ ಅಂತ ಬೇರೆ ಹೇಳಿದ್ದರು.

ಸಂಡೂರು ಕಾಲೇಜಿನ ಕೌಂಟರಿನಲ್ಲಿ ಕೂತ ಮೊದಲ ದಿನವೇ ಯಶವಂತನಗರದ ಒಬ್ಬ ಹುಡುಗಿ ಬಂದಳು.

"ಮೇಡಂ, ಮಣ್ಣಿನ ಪುಸ್ತಕ ಐತೇನ್ರಿ?"

"ಯಾವ ಮಣ್ಣಿನ ಪುಸ್ತಕವ್ವಾ?"

"ಕರೀ ಮಣ್ಣು, ಕೆಂಪು ಮಣ್ಣು ಎಲ್ಲಾ ಚಿತ್ರ ಅದಾವಲ್ರಿ. ಹಿಂದಿನ ರಟ್ಟು ಹರದೈತಿ."

ಭೂಗೋಳದ ಪುಸ್ತಕ! ನಾನು ಊರೂರು ಅಲೆಯಲು ಹೊರಟದ್ದೇ ಇಂಥ ಮಾತಿಗೆ. ಖುಷಿಯಿಂದ ಒಪ್ಪಿಗೆ ಪತ್ರ ತೆಗೆದು ಗಟ್ಟಿಯಾಗಿ ಓದಿದೆ: "ಈ ಪ್ರಯೋಗದಲ್ಲಿ ನಿಮ್ಮ ಪಾಲುಗೊಳ್ಳುವಿಕೆ ಸಂಪೂರ್ಣ ಸ್ವಯಂಪ್ರೇರಿತ. ಇದರಿಂದ ನಿಮ್ಮ ದೇಹಕ್ಕೆ ಅಪಾಯವಾಗುವ ಸಂಭವ ಕಡಿಮೆ."

ಹುಡುಗಿಯ ಮುಖ ಬಿಳಿಚಿತು. "ಕಡಿಮಿ ಅಂದ್ರ ಎಷ್ಟು ರೀ?"

ನಾನು ಸಮಾಧಾನ ಹೇಳುವಷ್ಟರಲ್ಲಿ ಅವಳು ಹೊರಗೆ ಓಡಿ ತಂದೆಗೆ ಫೋನ್ ಮಾಡಿಯಾಗಿತ್ತು. ತಂದೆ ಗಣಿ ಕಂಪನಿಯ ಬಸ್ ಓಡಿಸುವವರು. ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದರು. ಮೈಮೇಲೆ ಕೆಂಪು ಧೂಳು, ಕಣ್ಣೂ ಕೆಂಪು.

"ಏನು ಮಾಡಿದ್ಲು ರೀ ನನ್ನ ಮಗಳು?"

"ಏನೂ ಮಾಡಿಲ್ಲ ಅಣ್ಣಾರ. ಪುಸ್ತಕ ಕೇಳಿದ್ಲು."

"ಲೈಬ್ರರಿನಾಗ ಪುಸ್ತಕ ಕೇಳಿದ್ರ ಕಾಗದಕ್ಕ ಸಹಿ ಮಾಡಿಸ್ಕೊಂತೀರೇನು?" ಪತ್ರ ಇಸಿದುಕೊಂಡು ಬೆರಳಿಟ್ಟು ಓದಿದರು. "ದೇಹಕ್ಕ ಅಪಾಯ ಅಂತ ಬರದೀರಲ್ರಿ! ಇಷ್ಟು ವರ್ಷ ಗಣಿ ರಸ್ತೆದಾಗ ಬಸ್ ಹೊಡದೀನಿ, ನನಗೂ ಯಾರೂ ಇಂಥಾ ಕಾಗದ ಕೊಟ್ಟಿಲ್ಲ."

ಅವರನ್ನು ಕೂರಿಸಿ, ನೀರು ಕೊಟ್ಟು, ಮರಿಯಮ್ಮನಹಳ್ಳಿಯ ಹುಡುಗಿಯ ಕಥೆಯಿಂದ ಹಿಡಿದು ಎಲ್ಲವನ್ನೂ ಬಿಡಿಸಿ ಹೇಳಿದೆ. ನಿಧಾನಕ್ಕೆ ಮೆತ್ತಗಾದರು. "ಭಾಳ ಚಲೋ ಕೆಲಸ ಮಾಡಾಕತ್ತೀರಿ ಅಕ್ಕಾರ" ಅಂದರು. ಸಹಿಯನ್ನೂ ಹಾಕಿದರು. ನನಗೆ ಗೆದ್ದಂತೆ ಆಯಿತು. ಆಮೇಲೆ ಮಗಳ ಕಡೆ ತಿರುಗಿ ತಲೆ ಸವರಿ ಹೇಳಿದರು: "ನೋಡವ್ವಾ, ಓದೋದು ಭಾಳ ಮುಖ್ಯ. ಅದಕ್ಕ ಇನ್ನ ಮ್ಯಾಲೆ ಈ ಲೈಬ್ರರಿ ಕಡೆ ಹಾಯಬ್ಯಾಡ. ಪುಸ್ತಕ ನಾನೇ ಕೊಡಿಸ್ತೀನಿ."

೫. ಕಂಪ್ಲಿಯ ಶಿಸ್ತು

ಸಂಡೂರಿನ ಪೆಟ್ಟು ತಿಂದ ಮೇಲೆ ನಾನು ಜಾಗ್ರತೆ ಕಲಿತೆ. ಪ್ರಿನ್ಸಿಪಾಲರ ಹತ್ತಿರ ಜಗಳವಾಡಿ ಒಪ್ಪಿಗೆ ಪತ್ರವನ್ನು ಎರಡು ಸಾಲಿಗೆ ಇಳಿಸಿದೆ. ಕಂಪ್ಲಿ ಕಾಲೇಜಿನ ಲೈಬ್ರರಿಯನ್‌ರಿಗೆ ಮೊದಲೇ ಫೋನ್ ಮಾಡಿ, "ಸರ್, ಹುಡುಗರು ಪುಸ್ತಕ ಕೇಳೋದನ್ನ ನೋಡಾಕ ಬರ್ತೀನಿ, ಏನೂ ತಯಾರಿ ಬ್ಯಾಡ್ರಿ" ಅಂದೆ. 'ತಯಾರಿ' ಅನ್ನುವ ಶಬ್ದ ಮಾತ್ರ ಅವರ ಕಿವಿಗೆ ಬಿತ್ತು ಅಂತ ಕಾಣುತ್ತದೆ.

ಹೋಗಿ ನೋಡಿದರೆ ಕೌಂಟರಿನ ಮುಂದೆ ಸಾಲು! ಎಲ್ಲರಿಗೂ ಯೂನಿಫಾರಂ, ತಲೆಗೆ ಎಣ್ಣೆ, ಎದೆಯ ಮೇಲೆ ಗುರುತಿನ ಚೀಟಿ. ಲೈಬ್ರರಿಯನ್‌ರು ನನಗೆ ಕುರ್ಚಿ ಒರೆಸಿ, ಎಳನೀರು ಕೊಟ್ಟು, ಸಾಲಿನ ಕಡೆ ಕಣ್ಸನ್ನೆ ಮಾಡಿದರು. ಮೊದಲ ಹುಡುಗಿ ಮುಂದೆ ಬಂದು ಕೈ ಕಟ್ಟಿ ನಿಂತಳು.

"ಮಾನ್ಯ ಗ್ರಂಥಪಾಲಕರೇ, ನನಗೆ ವಾಣಿಜ್ಯ ವಿಭಾಗದ ವೆಚ್ಚ ಲೆಕ್ಕಶಾಸ್ತ್ರ ಎಂಬ ಗ್ರಂಥದ ಪರಿಷ್ಕೃತ ಆವೃತ್ತಿಯನ್ನು ದಯಪಾಲಿಸಬೇಕಾಗಿ ವಿನಂತಿ."

ಲೈಬ್ರರಿಯನ್‌ರು ಪುಸ್ತಕ ಕೊಟ್ಟರು. ಅವಳು ನಮಸ್ಕಾರ ಮಾಡಿ, ಪುಸ್ತಕವನ್ನು ಪಕ್ಕದ ಮೇಜಿನ ಮೇಲಿಟ್ಟು ಹೋದಳು. ಎರಡನೆಯವಳು ಬಂದಳು. "ಮಾನ್ಯ ಗ್ರಂಥಪಾಲಕರೇ, ನನಗೆ ವಾಣಿಜ್ಯ ವಿಭಾಗದ..." ಅದೇ ಮಾತು, ಅದೇ ಪುಸ್ತಕ. ಮೂರನೆಯವನು. ನಾಲ್ಕನೆಯವನು 'ದಯಪಾಲಿಸಬೇಕಾಗಿ' ಅನ್ನುವಲ್ಲಿ ತಡವರಿಸಿದ. ಲೈಬ್ರರಿಯನ್‌ರು ಕಣ್ಣು ಬಿಟ್ಟರು, ಪಾಪ ಮತ್ತೆ ಮೊದಲಿನಿಂದ ಹೇಳಿದ. ಮೊಬೈಲು ರೆಕಾರ್ಡ್ ಮಾಡುತ್ತಲೇ ಇತ್ತು. ನಾನು ಎಳನೀರು ಹಿಡಿದುಕೊಂಡು ಹಣೆ ಒತ್ತಿಕೊಳ್ಳುತ್ತಿದ್ದೆ.

ಸಾಲು ಮುಗಿದ ಮೇಲೆ ಕೇಳಿದೆ. "ಸರ್, ಹೋಗಲಿ, ಎಲ್ಲರೂ ಒಂದೇ ಪುಸ್ತಕ ಯಾಕ ಕೇಳಿದ್ರು?"

ಅವರು ಸುತ್ತ ನೋಡಿ, ದನಿ ತಗ್ಗಿಸಿ, ಒಬ್ಬ ಲೈಬ್ರರಿಯನ್ ಇನ್ನೊಬ್ಬ ಲೈಬ್ರರಿಯನ್‌ಗೆ ಹೇಳುವ ಗುಟ್ಟು ಅನ್ನುವ ಹಾಗೆ ಹೇಳಿದರು: "ಬ್ಯಾರೆ ಬ್ಯಾರೆ ಕೊಟ್ರ ಓದಿಬಿಡ್ತಾರ್ರಿ ಮೇಡಂ. ಆಮ್ಯಾಲೆ ವಾಪಸ್ ಬರಂಗಿಲ್ಲ."

೬. ಹಂಪಿ ನೋಡಿಲ್ಲವೆಂಬ ಪತ್ರ

ಕಮಲಾಪುರದಲ್ಲಿ ಮಾತ್ರ ನನ್ನ ಹೊಟ್ಟೆ ತುಂಬುವಷ್ಟು ಮಾತು ಸಿಕ್ಕಿತು. ಅಲ್ಲಿನ ಕಾಲೇಜಿನ ಹುಡುಗರು ಬಾಳೆತೋಟದಿಂದ ನೇರವಾಗಿ ಬಂದವರಂತೆ ಬಾಯಿಗೆ ಬಂದದ್ದನ್ನು ಕೇಳುತ್ತಿದ್ದರು. "ಹೋದ ಸಲ ನನ್ನ ಗೆಳತಿ ತಗೊಂಡಿದ್ಲಲ್ರಿ, ಅದು." "ಇತಿಹಾಸದ ಸರ್ ಕಂಕುಳಾಗ ಇಟ್ಟುಕೊಂಡು ಬರ್ತಾರಲ್ರಿ, ಅದು." ಒಬ್ಬ ಅಂದ, "ಓದಾಕ ಕುಂತ್ರ ನಿದ್ದಿ ಬರ್ತೈತಲ್ರಿ ಮೇಡಂ, ಆ ಪುಸ್ತಕ." "ಹಂಗಂದ್ರ ಯಾವುದು ಹುಡುಕಲಪ್ಪಾ?" ಅಂದರೆ, "ಜಲ್ದಿ ನಿದ್ದಿ ಬರ್ತೈತಲ್ರಿ, ಅದು" ಅಂತ ಇನ್ನಷ್ಟು ಖಚಿತ ಮಾಡಿದ.

ಸಂತೋಷದಿಂದ ವಾಪಸು ಬಂದು ಬಸ್ ಟಿಕೆಟನ್ನು ಆಫೀಸಿಗೆ ಕೊಟ್ಟೆ. ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ. ಟಿಕೆಟ್ಟಿನ ಮೇಲೆ ದರ ಸೊನ್ನೆ. ಪ್ರವಾಸಕ್ಕೆ ಅಂತ ಇಟ್ಟ ದುಡ್ಡೂ ಹಾಗೇ ಉಳಿಯಿತಲ್ಲ ಅಂತ ಸೂಪರಿಂಟೆಂಡೆಂಟರು ನಿಟ್ಟುಸಿರು ಬಿಟ್ಟರು. ಹೋಗಿದ್ದಕ್ಕೆ ಸಾಕ್ಷಿಯಾಗಿ ಫೈಲಿಗೆ ಹಾಕಲು ಟಿಕೆಟ್ ಎತ್ತಿಕೊಂಡವರು ಹುಬ್ಬು ಗಂಟು ಹಾಕಿದರು.

"ಮೇಡಂ, ಇದರಾಗ ಹಂಪಿ ಅಂತ ಐತಲ್ರಿ."

ಕಮಲಾಪುರದ ಮೇಲೆ ಹಂಪಿಗೆ ಹೋಗುವ ಬಸ್ಸು ಹತ್ತಿದ್ದೆ. ಕಂಡಕ್ಟರು ಗದ್ದಲದಲ್ಲಿ ಎಲ್ಲರಿಗೂ ಹಂಪಿಗೇ ಹರಿದು ಕೊಟ್ಟಿದ್ದ.

"ಗ್ರಾಂಟ್ ತಗೊಂಡು ಹಂಪಿ ನೋಡಾಕ ಹೋಗಿದ್ರು ಅಂತ ಆಡಿಟ್‌ನವರು ಬರೀತಾರ."

"ಅಲ್ರಿ, ನಾನು ಹುಟ್ಟಿದ್ದು ಹೊಸಪೇಟೆ. ಬಂದ ಬೀಗರಿಗೆಲ್ಲಾ ಹಂಪಿ ತೋರಿಸಿ ತೋರಿಸಿ ನನ್ನ ಕಾಲು ಸವದಾವ. ಪಲ್ಲಕ್ಕಿ ತಂದು ಕರದ್ರೂ ನಾ ಹೋಗಂಗಿಲ್ಲ!"

"ಅದು ನನಗ ಗೊತ್ರಿ. ಕಾಗದಕ್ಕ ಗೊತ್ತಾಗಬೇಕಲ್ಲ? ಅವತ್ತು ನೀವು ಹಂಪಿಗೆ ಬಂದಿಲ್ಲ ಅಂತ ಅಲ್ಲಿರೋರು ಯಾರಾರ ಬರದು ಕೊಟ್ರ ಸಾಕು."

ಅತ್ತೆ, ಮಾವ, ಮನೆಯವರು ಎಲ್ಲರ ಬೈಗುಳ ತಿಂದು ಭಾನುವಾರ ಹಂಪಿಗೆ ಹೋದೆ. ಬಿಸಿಲು ಅಂದರೆ ಬಂಡೆಯ ಮೇಲೆ ರೊಟ್ಟಿ ಬೇಯುವಂಥದ್ದು. ಪುಣ್ಯಕ್ಕೆ ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿ ಗೈಡ್ ಆಗಿದ್ದ. ಪ್ರವಾಸಿಗರ ಗುಂಪು ಬಿಟ್ಟು ಓಡಿ ಬಂದ. ವಿಷಯ ಹೇಳಿದೆ. ತಲೆ ಕೆರೆದುಕೊಂಡ.

"ಮೇಡಂ,  ನೀವು ಬಂದಿಲ್ಲ ಅಂತ ಹೆಂಗ ಬರೀಲ್ರಿ? ಎದುರಿಗೇ ನಿಂತೀರಲ್ಲ."

"ಇವತ್ತಲ್ಲಪ್ಪಾ, ಅವತ್ತು ಬಂದಿಲ್ಲ ಅಂತ ಬರಿ."

"ಅವತ್ತು ನಾನೂ ಬಂದಿರಲಿಲ್ಲ ಮೇಡಂ. ಸುಳ್ಳು ಬರಿಯಾಕ ನೀವ್ಯಾರೂ ಕಲಿಸಿಲ್ಲ." ಸ್ವಲ್ಪ ಯೋಚಿಸಿ, ಕಂಬಕ್ಕೆ ಕಾಗದ ಒತ್ತಿ ಹಿಡಿದು, ಅಚ್ಚುಕಟ್ಟಾಗಿ ಬರೆದುಕೊಟ್ಟ: 'ಮೇಡಂ ಅವರು ಹಂಪಿಗೆ ಬಂದಿರುವುದಿಲ್ಲ. ಈ ವಿಷಯವನ್ನು ಅವರೇ ಖುದ್ದಾಗಿ ಹಂಪಿಗೆ ಬಂದು ತಿಳಿಸಿರುತ್ತಾರೆ.'

ಸೂಪರಿಂಟೆಂಡೆಂಟರು ಅದನ್ನು ಎರಡು ಸಲ ಓದಿ, "ಈಗ ಸರಿಯಾತು ನೋಡ್ರಿ" ಅಂದು ಸೀಲು ಹೊಡೆದು ಫೈಲಿಗೆ ಹಾಕಿದರು.

೭. ಜಾರಿ

ಅಂತೂ ವರದಿ ಬರೆದೆ. ಕಾಗದ, ಟೈಪಿಂಗ್, ಬೈಂಡಿಂಗ್ ಅಂತ ಮಾರ್ಚಿನೊಳಗೆ ಖರ್ಚೂ ತೋರಿಸಿದೆ. ಓದುಗರಿಗೆ ಪುಸ್ತಕದ ಬಣ್ಣ ಮೊದಲು ನೆನಪಿರುತ್ತದೆ, ಆಮೇಲೆ ಗಾತ್ರ, ಆಮೇಲೆ ಯಾರ ಕೈಯಲ್ಲಿ ನೋಡಿದ್ದರು ಅನ್ನುವುದು. ಹೆಸರು ಎಲ್ಲಕ್ಕಿಂತ ಕೊನೆಗೆ. ಆದ್ದರಿಂದ ಈ ಮಾತುಗಳನ್ನು ಕ್ಯಾಟಲಾಗಿಗೆ ಸೇರಿಸಿ ಅಂತ ಕೊನೆಯಲ್ಲಿ ಸಲಹೆ ಕೊಟ್ಟೆ. ಪ್ರಿನ್ಸಿಪಾಲರಿಗೆ ವರದಿ ಕೊಟ್ಟು, ತಂಗಿಯ ಮನೆಯ ಗೃಹಪ್ರವೇಶಕ್ಕೆ ಅಂತ ಶುಕ್ರವಾರ, ಶನಿವಾರ ರಜೆ ಹಾಕಿ ಹೋದೆ.

ಸೋಮವಾರ ನಮ್ಮ ಕಾಲೇಜಿಗೆ ಗುಣಮಟ್ಟದ ತಪಾಸಣೆ ಮಾಡುವ ತಂಡ ಬರುವುದಿತ್ತು. ಬೆಳಿಗ್ಗೆ ಬೇಗನೆ ಹೋದೆ. ಲೈಬ್ರರಿಯ ಬಾಗಿಲು ತೆಗೆದಿತ್ತು. ಒಳಗೆ ಕಾಲಿಟ್ಟವಳು ಅಲ್ಲೇ ನಿಂತೆ. ನನ್ನ ಲೈಬ್ರರಿ ಸೀರೆ ಅಂಗಡಿಯಾಗಿತ್ತು! ಒಂದು ಗೋಡೆ ಪೂರ್ತಿ ಕೆಂಪು, ಅದರ ಪಕ್ಕ ಹಳದಿ, ಆಮೇಲೆ ಹಸಿರು, ನೀಲಿ. ವಿಷಯ ಇಲ್ಲ, ನಂಬರ್ ಇಲ್ಲ, ಅಕಾರಾದಿ ಇಲ್ಲ. ನನ್ನ ಇಡೀ ಸರ್ವೀಸಿನ ಜೋಡಣೆ ಎರಡು ದಿನದಲ್ಲಿ ಹೋಳಿ ಆಡಿತ್ತು.

ಏಣಿಯ ಮೇಲೆ ಲೈಬ್ರರಿ ಅಟೆಂಡರ್ ನಿಂತಿದ್ದ. ಕೆಳಗೆ ನಮ್ಮ ಆಯಾ ಸೆರಗು ಸಿಕ್ಕಿಸಿಕೊಂಡು ಅವನ ಜೊತೆ ಜಗಳ ತೆಗೆದಿದ್ದಳು.

"ಅದು ನೀಲಿ ಅಲ್ಲೋ ಮಾರಾಯಾ, ರಾಮಾ ಗ್ರೀನ್! ಈ ಕಡೆ ಕೊಡು."

"ಹಂಗಾರ ಇದು?"

"ಇದು ಆನಂದ ನೀಲಿ. ಕಣ್ಣು ಕಾಣಂಗಿಲ್ಲೇನು?"

ಕಪಾಟುಗಳಿಗೆ ಆಗಲೇ ಸೀರೆಯ ಬಣ್ಣಗಳ ಹೆಸರಿನ ಚೀಟಿ ಅಂಟಿಸಿದ್ದರು. 'ಬದನೇಕಾಯಿ.' 'ಗೇರು.' 'ಮಜ್ಜಿಗೆ.' "ಯಾರು ಹೇಳಿದ್ರು ಇದನ್ನ ಮಾಡಾಕ?" ಅಂತ ಕೂಗಿದೆ. ನನ್ನ ಲೈಬ್ರರಿಯಲ್ಲಿ ನಾನೇ ಕೂಗಿದ್ದು ಅದೇ ಮೊದಲು.

ಹಿಂದಿನಿಂದ ಪ್ರಿನ್ಸಿಪಾಲರು ಕೈ ಉಜ್ಜಿಕೊಳ್ಳುತ್ತಾ ಬಂದರು. "ಸರ್‌ಪ್ರೈಸ್ ಮೇಡಂ! ನಿಮ್ಮ ಸಂಶೋಧನೆ ಜಾರಿ ಮಾಡಿಸೀನಿ. ಎಷ್ಟು ಕಾಲೇಜಿನಾಗ ಸಂಶೋಧನೆ ಜಾರಿ ಆಗ್ತೈತಿ ಹೇಳ್ರಿ?"

"ಸರ್, ವರದಿ ಪೂರ್ತಿ ಓದಿದ್ರೇನು?"

"ಬಣ್ಣ ಮೊದಲು ನೆನಪಿರ್ತೈತಿ ಅಂತ ಬರದೀರಲ್ಲ? ಅಲ್ಲಿಗೇ ನನಗ ಹೊಳೀತು. ಮುಂದ ಓದೋದು ಬೇಕಾಗ್ಲೇ ಇಲ್ಲ."

ಅಳಬೇಕೋ ನಗಬೇಕೋ ತಿಳಿಯುವ ಮೊದಲೇ ತಂಡ ಒಳಗೆ ಬಂತು. ಮುಂದಿದ್ದವರು ವಯಸ್ಸಾದ ಪ್ರೊಫೆಸರು, ಬಿಳಿ ಜುಬ್ಬಾ, ಮೆಲುಮಾತು. ಕಪಾಟುಗಳ ಮೇಲೆಲ್ಲಾ ಕಣ್ಣಾಡಿಸಿದರು. ನನ್ನ ಕೌಂಟರಿಗೆ ಬಂದು, "ನಿಮ್ಮಲ್ಲಿ ಸಂಖ್ಯಾಶಾಸ್ತ್ರದ ಹಳೆಯ ಪಠ್ಯಪುಸ್ತಕ ಯಾವುದಾದರೂ ಇದೆಯಾ? ಒಂದನ್ನು ನೋಡಬೇಕಿತ್ತು" ಅಂದರು.

ನಿನ್ನೆ ಮೊನ್ನೆಯವರೆಗೂ ಆ ಪುಸ್ತಕಗಳ ಕಪಾಟಿಗೆ ನಾನು ಕಣ್ಣು ಮುಚ್ಚಿಕೊಂಡು ಹೋಗುತ್ತಿದ್ದೆ. ಈಗ ಅವು ಎಲ್ಲಿವೆಯೋ ಆ ದೇವರಿಗೂ ಗೊತ್ತಿಲ್ಲ, ಆಯಾಗೆ ಮಾತ್ರ ಗೊತ್ತು. ಪ್ರಿನ್ಸಿಪಾಲರು ಪ್ರೊಫೆಸರ ಬೆನ್ನ ಹಿಂದೆ ನಿಂತು ನನಗೆ ಕೈ ಮುಗಿಯುತ್ತಿದ್ದರು. ಓದುವುದು, ಬರೆಯುವುದು, ತರಬೇತಿ, ಪರೀಕ್ಷೆ ಎಲ್ಲಾ ಮುಗಿಸಿ ಲೈಬ್ರರಿಯನ್ ಆದ ನಾನು ಕೇಳಿದೆ:

"ಸರ್... ಯಾವ ಬಣ್ಣದ್ದು?"

ಪ್ರೊಫೆಸರು ನನ್ನನ್ನೇ ನೋಡಿದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವರ ಮುಖ ಮೆಲ್ಲಗೆ ಅರಳಿತು. "ಬಣ್ಣ... ಹೌದು, ನಾವು ಓದುವಾಗ ಒಂಥರಾ ಬದನೇಕಾಯಿ ಬಣ್ಣದ ರಟ್ಟು ಇರುತ್ತಿತ್ತು."

'ಬದನೇಕಾಯಿ' ಅನ್ನುವ ಕಪಾಟಿಗೆ ಹೋದೆ. ಮೀನು ಸಾಕಣೆಗೂ ಮದುವೆ ಕಾಯ್ದೆಗೂ ನಡುವೆ ಸಂಖ್ಯಾಶಾಸ್ತ್ರ ಕೂತಿತ್ತು. ತಂದು ಕೊಟ್ಟೆ. ಅವರು ಪುಸ್ತಕವನ್ನು ಮೂಸಿ ನೋಡಿದರು, ಕಣ್ಣು ಒದ್ದೆ ಮಾಡಿಕೊಂಡರು. ಎಷ್ಟೋ ಲೈಬ್ರರಿ ನೋಡಿದ್ದೇನೆ, ಓದುಗನ ನೆನಪನ್ನು ಕೇಳಿದ ಲೈಬ್ರರಿಯನ್ ಇವರೊಬ್ಬರೇ ಅಂದರು. ವರದಿಯಲ್ಲಿ 'ಅನುಕರಣೀಯ ಪದ್ಧತಿ' ಅಂತ ಬರೆದೇ ಹೋದರು.

ಅವರ ಕಾರು ಗೇಟು ದಾಟುತ್ತಲೇ ನಾನು, "ಸರ್, ಇವತ್ತೇ ಎಲ್ಲಾ ಮೊದಲಿನಂಗ ಜೋಡಿಸ್ತೀನಿ" ಅಂದೆ.

"ಹುಚ್ಚು ಹಿಡದೈತೇನ್ರಿ? ವರದಿಯಾಗ ಬಂದೈತಿ. ಮುಟ್ಟಂಗಿಲ್ಲ!" ಅಂದರು ಪ್ರಿನ್ಸಿಪಾಲರು. ಕ್ಯಾಟಲಾಗಿಗೆ ಮಾತು ಸೇರಿಸುವ ನನ್ನ ಸಲಹೆ ಏನಾಯಿತು ಅಂದರೆ, ಬಣ್ಣವೇ ಇರುವಾಗ ಕಂಪ್ಯೂಟರ್ ಯಾಕೆ ಅಂದರು. ಅದನ್ನು ಈಗ ನಾನೇ, ಸಂಜೆ ಕೌಂಟರ್ ಖಾಲಿಯಾದಾಗ, ಒಂದೊಂದೇ ಪುಸ್ತಕಕ್ಕೆ ಟೈಪ್ ಮಾಡುತ್ತಾ ಕೂರುತ್ತೇನೆ. ಯಾರೂ ಹೇಳಿಲ್ಲ, ಯಾರ ಗ್ರಾಂಟೂ ಇಲ್ಲ. ಲೈಬ್ರರಿಗೆ ಹುಡುಗರು ಮೊದಲಿಗಿಂತ ಜಾಸ್ತಿ ಬರುತ್ತಿದ್ದಾರೆ, ಸುಳ್ಳು ಹೇಳಬಾರದು. ಆದರೆ ಕೆಂಪು ಗೋಡೆಯ ಮುಂದೆ ಫೋಟೋ ತೆಗೆಸಿಕೊಳ್ಳಲು.

ಮರುವಾರ ಟ್ರಸ್ಟಿನಿಂದ ಆದೇಶ ಹೊರಟಿತು: ನಾಲ್ಕೂ ಕಾಲೇಜಿನಲ್ಲಿ ಪುಸ್ತಕಗಳನ್ನು ಬಣ್ಣದ ಪ್ರಕಾರ ಜೋಡಿಸತಕ್ಕದ್ದು. ಎಲ್ಲಕ್ಕಿಂತ ಚೆನ್ನಾಗಿ ಪಾಲಿಸಿದ ಲೈಬ್ರರಿಗೆ ಪ್ರಶಸ್ತಿ. ಆ ಮಧ್ಯಾಹ್ನವೇ ಕಂಪ್ಲಿಯ ಲೈಬ್ರರಿಯನ್‌ರ ಫೋನ್ ಬಂತು. ದನಿಯಲ್ಲಿ ಗಾಬರಿ.

"ಮೇಡಂ, ನಾನೇನು ಮಾಡ್ಲಿ? ನಮ್ಮಾಗ ಪುಸ್ತಕ ಹೊಲಸಾಗಬಾರದು ಅಂತ ಎಲ್ಲದಕ್ಕೂ ಖಾಕಿ ಕಾಗದ ಸುತ್ತಿಸಿಬಿಟ್ಟೀನಿ. ಇದ್ದಬದ್ದವೆಲ್ಲಾ ಒಂದೇ ಬಣ್ಣ!"

ನನಗೆ ಆ ಹೊತ್ತಿಗೆ ಯಾವುದೂ ಬೇಡವಾಗಿತ್ತು. "ಹಂಗಾರ ಬಿಡ್ರಿ ಸರ್. ಒಂದೇ ಬಣ್ಣ ಅಂದ ಮ್ಯಾಲೆ ಜೋಡಿಸೋದೇನೈತಿ? ಎಲ್ಲಿ ಅದಾವೋ ಅಲ್ಲೇ ಇರಲಿ" ಅಂದೆ.

ಆ ಕಡೆ ಅವರ ದನಿ ಏರಿತು. "ಅಂದ್ರ ನಾವು ಮೊದಲಿನಿಂದ್ಲೂ ನಿಮ್ಮ ಸಂಶೋಧನೆ ಪ್ರಕಾರನೇ ಇಟ್ಟೀವಿ ಅನ್ರಿ! ಒಂದು ಪುಸ್ತಕಾನೂ ತಪ್ಪು ಜಾಗದಾಗ ಇಲ್ಲ! ಹಂಗಂತ ಬರದು ಕಳಿಸಿಬಿಡ್ತೀನಿ ಮೇಡಂ."

ಕಳಿಸಿದರು. ಪ್ರಶಸ್ತಿ ಕಂಪ್ಲಿಗೆ ಹೋಯಿತು. ನಮಗೆ ಎರಡನೇ ಸ್ಥಾನ. ರಾಮಾ ಗ್ರೀನಿನ ಕಪಾಟಿನಲ್ಲಿ ಒಂದು ನೀಲಿ ಪುಸ್ತಕ ಸಿಕ್ಕಿತಂತೆ.